ಸುಗಂಧರಾಜಕ್ಕೆ ಮನೆ ತೋರಿಸಿದ್ದು

ನಮ್ಮೂರಲ್ಲಿ ಮನೆ ಬಿಡುವವರು ಪಾತ್ರೆಪಡಗ ಕಟ್ಟುವುದಕ್ಕೆ ಮೊದಲು ಹಿತ್ತಿಲಿಗೆ ಹೋಗಿ, ಹೂವಿನ ಗೆಡ್ಡೆಗಳ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಾರೆ. ಮಂಚ ಸಾಗಿಸಬಹುದು, ಬೀರು ಸಾಗಿಸಬಹುದು, ಮುನಿಸಿಕೊಂಡು ಕೂತ ಅತ್ತೆಯನ್ನೂ ಹೇಗೋ ಸಾಗಿಸಬಹುದು. ಗೆಡ್ಡೆ ಮಾತ್ರ ಇಟ್ಟ ಕಡೆ ಇರುವ ಜಾತಿಯಲ್ಲ. ಹೊಸ ಅಂಗಳದಲ್ಲಿ ನೆಟ್ಟ ಗೆಡ್ಡೆ ಮೊದಲ ಮಳೆ ಬಿದ್ದದ್ದೇ ತಡ ನೆಲದೊಳಗೇ ತೆವಳಲು ಶುರುಮಾಡುತ್ತದೆ. ಬೀದಿ ದಾಟಿ, ಚರಂಡಿಯ ಬದಿ ಹಿಡಿದು, ಕಂಡವರ ಹಿತ್ತಿಲಲ್ಲಿ ಒಂದೆರಡು ದಿನ ತಂಗಿ, ಅಲ್ಲೇ ಹೂವನ್ನೂ ಬಿಟ್ಟು, ಕೊನೆಗೆ ಹಳೆಯ ಮನೆಗೇ ಹೋಗಿ ಸೇರುತ್ತದೆ.

ಇದಕ್ಕೆ ನಾವೆಲ್ಲ ಒಗ್ಗಿಕೊಂಡಿದ್ದೇವೆ. ನಮ್ಮ ಪುರಸಭೆಯವರು ರಸ್ತೆಗೆ ಡಾಂಬರು ಹಾಕುವಾಗ ಅಂಚಿನಲ್ಲಿ ಒಂದು ಗೇಣು ಮಣ್ಣು ಬಿಡುತ್ತಾರೆ. ದಾರಿಯಲ್ಲಿರುವ ಗೆಡ್ಡೆ ನೆಟ್ಟವರದು, ಅದು ಬಿಟ್ಟ ಹೂವು ಅಂಗಳದವರದು ಅಂತ ಹಿರಿಯರು ಎಂದೋ ತೀರ್ಮಾನ ಮಾಡಿದ್ದಾರೆ. ಯಾವ ಗಾರೆಯವನೂ ಗೆಡ್ಡೆಯ ಯಜಮಾನರಿಗೆ ಹೇಳಿಕಳಿಸದೆ ಅದರ ಮೇಲೆ ಕಾಂಕ್ರೀಟು ಸುರಿಯುವುದಿಲ್ಲ. ಬಾಡಿಗೆ ಮನೆಗಳಲ್ಲೇ ಜೀವನ ಕಳೆದು, ಹಳೆಯ ಮನೆ ಅಂತ ಯಾವುದೂ ಇಲ್ಲದ ಡ್ರಿಲ್ ಮಾಸ್ತರರು ಡೇಲಿಯಾ ನೆಟ್ಟಾಗಲೆಲ್ಲ ಅದು ಆಸ್ಪತ್ರೆ ಹಿಂದಿನ ನರ್ಸಮ್ಮನ ಮನೆಗೆ ಹೋಗುತ್ತಿತ್ತು. ಊರವರು ನಕ್ಕರು, ಮಾಸ್ತರರು ಕೆಂಪಾದರು, ಕೊನೆಗೆ ಇಬ್ಬರಿಗೂ ಮದುವೆಯಾಯಿತು. ನಮ್ಮೂರಲ್ಲಿ ಗುಟ್ಟು ಇಟ್ಟುಕೊಳ್ಳಬೇಕೆನ್ನುವವರು ಗುಲಾಬಿ ಬೆಳೆಯುವುದು ಒಳ್ಳೆಯದು.

ನನ್ನ ಹೆಂಡತಿ ಹಾಲಮ್ಮ ಮದುವೆಯಾಗಿ ಬಂದಾಗ ತವರಿನಿಂದ ಸುಗಂಧರಾಜದ ಗೆಡ್ಡೆ ತಂದಿದ್ದಳು. ಅವಳ ತವರು ಕೆರೆ ಏರಿಯ ಕೆಳಗೆ, ನಮ್ಮದು ಕೋಟೆ ಕೇರಿಯಲ್ಲಿ. ಪ್ರತಿ ಮಳೆಗಾಲ ಗೆಡ್ಡೆಗಳು ತವರಿಗೆ ಹೊರಟುಹೋಗುತ್ತಿದ್ದವು, ಅವನ್ನು ತರುವ ನೆಪದಲ್ಲಿ ಇವಳೂ ಹೊರಡುತ್ತಿದ್ದಳು. ಕಳಿಸುವುದಿಲ್ಲ ಎನ್ನಲು ನನ್ನ ತಾಯಿಗೂ ಬಾಯಿ ಬರುತ್ತಿರಲಿಲ್ಲ. ಆಮೇಲೆ ಒಂದು ವರ್ಷ ಗೆಡ್ಡೆಗಳು ನಮ್ಮಲ್ಲೇ ನಿಂತುಬಿಟ್ಟವು. ಸೊಸೆ ಈಗ ನಮ್ಮವಳಾದಳು ಅಂತ ನನ್ನ ತಾಯಿ ಕೇರಿಗೆಲ್ಲ ಸಕ್ಕರೆ ಹಂಚಿದಳು. ಹಾಲಮ್ಮ ಮಾತ್ರ ಆ ದಿನ ಸಕ್ಕರೆ ಬಾಯಿಗೆ ಹಾಕಲಿಲ್ಲ.

ಆ ಕೋಟೆ ಕೇರಿಯ ಮನೆಯನ್ನು ನಾವು ಮೂವರು ಅಣ್ಣತಮ್ಮಂದಿರು ಈ ವರ್ಷ ಮಾರಿದೆವು. ಜಗಳವಿಲ್ಲ, ಕೋರ್ಟಿಲ್ಲ. ಮಾಡು ಕುಸಿಯುತ್ತಿತ್ತು, ಅಷ್ಟು ದೊಡ್ಡ ಮನೆ ಎತ್ತಿ ನಿಲ್ಲಿಸುವ ಶಕ್ತಿ ಯಾರಿಗೂ ಇರಲಿಲ್ಲ. ಕೊಂಡವರು ಶಾಂತವೀರಪ್ಪ, ಒಳ್ಳೆಯ ಮನುಷ್ಯ. ಕೆಡವಿ ಕಲ್ಯಾಣ ಮಂಟಪ ಕಟ್ಟುತ್ತೇನೆ, ಅಂಗಳ ಹಿತ್ತಿಲು ಎಲ್ಲ ಸೇರಿಸಿ ಒಂದೇ ಕಾಂಕ್ರೀಟು ನೆಲ ಹಾಕಿಸುತ್ತೇನೆ ಅಂತ ಮೊದಲೇ ಹೇಳಿದ್ದರು. ನಾನು ಹಿಟ್ಟಿನ ಗಿರಣಿ ನಡೆಸುವವನು, ಹೆಸರು ತಿಪ್ಪೇಸ್ವಾಮಿ. ಹುಟ್ಟಿದ್ದು ಆ ಮನೆಯಲ್ಲಿ, ತಲೆ ನರೆತದ್ದೂ ಅಲ್ಲೇ. ಮನೆ ಬಿಟ್ಟ ದಿನದಿಂದ ನಾನು ಗಿರಣಿಗೆ ಸಂತೆ ಬೀದಿಯ ಸುತ್ತು ದಾರಿ ಹಿಡಿದೆ. ಕೋಟೆ ಕೇರಿಯ ದಾರಿ ಹತ್ತಿರ, ಆದರೆ ಕೆಡವಿದ್ದನ್ನು ಹೋಗಿ ನೋಡುವುದೇನಿದೆ?

ಹಾಲಮ್ಮನ ಚಿಂತೆ ಬೇರೆ. ಹೊಸ ಮನೆಗೆ ಸಾಗಿಸಿದ ಗೆಡ್ಡೆ ಸುಮ್ಮನೆ ಇರುವುದಿಲ್ಲ, ಹಳೆಯ ಮನೆಗೇ ಹೋಗುತ್ತದೆ. ಹೋದರೆ ಕಾಂಕ್ರೀಟಿನ ಅಡಿಗೆ ನುಗ್ಗಿ, ಮೇಲೆ ಬರಲಾರದೆ ಅಲ್ಲೇ ಕೊಳೆಯುತ್ತದೆ. ಕುಂಡದಲ್ಲಿಟ್ಟು ಕಾಪಾಡೋಣವೆಂದರೆ ಕುಂಡ ಸೀಳುತ್ತದೆ, ಇಲ್ಲವೇ ಮುನಿದು ಕರಗಿಹೋಗುತ್ತದೆ. "ಅವ್ವ ಕೈಯಾರೆ ಕೊಟ್ಟಿದ್ದು ಅಂತ ನನ್ನ ಹತ್ರ ಇರೋದು ಇವಿಷ್ಟೇ ಕಣ್ರೀ. ಮದುವೆ ಮಂಟಪದ ಅಡಿಗೆ ಹೂತು ಬಂದು ನಾನು ಹೋಳಿಗೆ ಊಟ ಮಾಡ್ಲಾ?" ಎಂದಳು. ಅವಳು ಹಾಗೆ ಸೆರಗು ಸಿಕ್ಕಿಸಿ ಮಾತಾಡಿದರೆ ಆ ಕೆಲಸ ಆಗಿಯೇ ತೀರುತ್ತದೆ ಅಂತ ನನಗೆ ಗೊತ್ತು. ಹೇಗೆ ಆಗುತ್ತದೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ಹೂವಿದ್ದಾಗ ಗೆಡ್ಡೆ ಕೀಳಬಾರದು. ಆದರೆ ಮನೆ ಬಿಡುವ ದಿನ ಹೂವನ್ನು ಕೇಳಿಕೊಂಡು ಬರುತ್ತದೆಯೇ? ಸುಗಂಧರಾಜ ಆಗಲೇ ಕಡ್ಡಿ ಎತ್ತಿ ಬುಡದಿಂದ ಅರಳುತ್ತಿತ್ತು. ಹಾಲಮ್ಮ ಕುರ್ಪಿ ಹಿಡಿದು ಒಂದೊಂದನ್ನೇ ಮಣ್ಣಿನ ಹೆಂಟೆ ಸಮೇತ ಎತ್ತಿ ಗೋಣಿಚೀಲಕ್ಕೆ ಇಳಿಸಿದಳು. ಚೀಲದ ಬಾಯಿ ಬಿಗಿಯಾಗಿ ಕಟ್ಟಿದೆವು, ಹೂವಿನ ತುದಿಗೂ ಬಟ್ಟೆ ಸುತ್ತಿದೆವು. ನಮ್ಮೂರಿನ ಪದ್ಧತಿಯೇ ಹಾಗೆ. ಕಾಟ ಕೊಡುವ ಬೆಕ್ಕನ್ನು ಚೀಲದಲ್ಲಿ ಹಾಕಿ ಊರೆಲ್ಲ ಸುತ್ತಿಸಿ ದೂರ ಬಿಟ್ಟು ಬರುತ್ತಾರಲ್ಲ, ಗೆಡ್ಡೆಗೂ ಅದೇ ಉಪಾಯ. ದಿಕ್ಕು ತಪ್ಪಿದರೆ ವಾಪಸು ಹೋಗುವುದಿಲ್ಲ ಅಂತ ನಂಬಿಕೆ.

ಈ ಕೆಲಸಕ್ಕೆಂದೇ ಊರಲ್ಲಿ ಒಂದು ಆಟೋ ಇದೆ, ಬುಡೇನ್ ಸಾಬಿಯದು. "ಅಕ್ಕಾ, ನೀವು ಚೀಲ ತೊಡೆ ಮೇಲೆ ಇಟ್ಕೊಳ್ರಿ, ದಾರೀಲಿ ಹಳೇ ಮನೆ ಸುದ್ದಿ ಮಾತ್ರ ಎತ್ತಬೇಡಿ," ಎಂದು ಆಟೋ ಬಿಟ್ಟ. ಮೂರು ದಾರಿ ಕೂಡುವಲ್ಲಿ ಎಡಕ್ಕೆ ಗಿರಕಿ ಹೊಡೆಸಿದ, ಬಲಕ್ಕೆ ಹೊಡೆಸಿದ, ಹಳ್ಳ ದಾಟಿಸಿದ, ಅದೇ ಹಳ್ಳ ಮತ್ತೆ ದಾಟಿಸಿದ, ಬಸ್‌ಸ್ಟ್ಯಾಂಡಿನ ಸುತ್ತ ಎಷ್ಟು ಸುತ್ತು ಹಾಕಿದನೋ ದೇವರೇ ಬಲ್ಲ. ಹೊಸ ಬಡಾವಣೆಯ ನಮ್ಮ ಮನೆ ಮುಂದೆ ಇಳಿಯುವ ಹೊತ್ತಿಗೆ ನಾನು ಕಂಬ ಹಿಡಿದು ವಾಂತಿ ಮಾಡಿಕೊಂಡೆ. ಸುಧಾರಿಸಿಕೊಂಡು ಮನೆ ಕಡೆ ಅಂತ ನಡೆಯತೊಡಗಿದವನು ಸೀದಾ ಕೋಟೆ ಕೇರಿಯ ಕಡೆ ಹೊರಟಿದ್ದೆನಂತೆ. ಬುಡೇನ್ ಸಾಬಿ ನನ್ನ ತೋಳು ಹಿಡಿದು ತಿರುಗಿಸಿ, "ಅಕ್ಕಾ, ಅಣ್ಣನಿಗೇ ದಿಕ್ಕು ತಪ್ಪಲಿಲ್ಲ ನೋಡ್ರಿ, ಇನ್ನು ಇವಕ್ಕೆ ತಪ್ಪಿರ್ತದಾ?" ಎಂದು ನಕ್ಕ. ಹಾಲಮ್ಮ ನಗಲಿಲ್ಲ.

ತಪ್ಪಿರಲಿಲ್ಲ. ಮಳೆ ಶುರುವಾಗಿ ವಾರ ಕಳೆಯುವುದರೊಳಗೆ ಗೆಡ್ಡೆಗಳು ನೆಟ್ಟ ಗುಂಡಿ ಬಿಟ್ಟು ಗೇಟಿನ ಕಡೆ ಜರುಗಿದ್ದವು. ಹೂವಿನ ಕಡ್ಡಿಗಳೆಲ್ಲ ಕೋಟೆ ಕೇರಿಯತ್ತ ಬಾಗಿದ್ದವು. ಹಾಲಮ್ಮ ಕುರ್ಪಿ ತಂದು, ಅಗೆದು, ಮತ್ತೆ ಗೋಡೆಯ ಬುಡಕ್ಕೆ ನೆಟ್ಟಳು. ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ಜರುಗಿವೆ. ಮತ್ತೆ ಅಗೆದಳು, ಮತ್ತೆ ನೆಟ್ಟಳು. ಹೀಗೇ ಶುರುವಾಯಿತು ಇಬ್ಬರ ಹಠ. ನಾನು ಕಾಫಿ ಲೋಟ ಹಿಡಿದು ಜಗಲಿಯ ಮೇಲೆ ಕೂತು ಇವಳು ಗೆಲ್ಲುತ್ತಾಳೋ ಅವು ಗೆಲ್ಲುತ್ತವೋ ಅಂತ ನೋಡುತ್ತಿದ್ದೆ. ಒಂದು ಸಲ ತಮಾಷೆ ಮಾಡಿದ್ದಕ್ಕೆ ಆ ದಿನ ಉಪ್ಪಿಲ್ಲದ ಸಾರು ಉಂಡೆ.

ಗೇಟಿನಾಚೆ ರುದ್ರಾಣಮ್ಮನ ಮನೆ. ಕೋಟೆ ಕೇರಿಗೆ ಹೋಗುವ ದಾರಿಯಲ್ಲಿ ನಮಗೆ ಮೊದಲು ಸಿಗುವುದೇ ಅವರ ಅಂಗಳ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇರುವ ಹೆಂಗಸು, ಅಂಗಳವನ್ನು ದೇವರ ಪೀಠದಷ್ಟು ನಯವಾಗಿ ಸಾರಿಸಿ ಇಡುವವರು. ಒಂದು ಬೆಳಿಗ್ಗೆ ಅವರ ರಂಗೋಲಿಯ ಮಧ್ಯಕ್ಕೇ ನಮ್ಮ ಸುಗಂಧರಾಜ ತಲೆ ಎತ್ತಿತು. "ಏನ್ರೀ ಹಾಲಮ್ಮಾ, ನಾನು ಚುಕ್ಕಿ ಇಟ್ಟ ಜಾಗನೇ ಬೇಕಿತ್ತಾ ನಿಮ್ಮ ಗೆಡ್ಡೆಗೆ?" ಎಂದು ಬೀದಿಗೆ ಕೇಳುವ ಹಾಗೆ ಕೂಗಿದರು.

"ಹೂವು ನಿಮ್ಮದೇ ಅಕ್ಕಾ, ಕೊಯ್ಕೊಳ್ರಿ. ಗೆಡ್ಡೆ ನಾನು ತಗೊಂಡ್ಹೋಗ್ತೀನಿ," ಎಂದು ಹಾಲಮ್ಮ ಆಗಲೇ ಕುರ್ಪಿ ಊರಿದ್ದಳು.

"ನಾಳೆ ಮತ್ತೆ ಬರ್ತವಲ್ಲ?"

"ಬರ್ತವೆ. ನಾನೂ ಬರ್ತೀನಿ."

ಹಾಗೆಯೇ ದಿನಾ ಬಂದಳು. ಅಗೆದ ಜಾಗ ಮುಚ್ಚಿ, ಸೆಗಣಿ ಹಾಕಿ ಸಾರಿಸಿ, ಕೆಟ್ಟ ರಂಗೋಲಿಯನ್ನು ತಾನೇ ಬಿಡಿಸಿ ಹೋಗುತ್ತಿದ್ದಳು. ಕೆಲವು ದಿನದ ಮೇಲೆ ರುದ್ರಾಣಮ್ಮ ಅವಳಿಗೊಂದು ಲೋಟ ಕಾಫಿ ಮಾಡಿ ಇಟ್ಟುಕೊಂಡು ಕಾಯತೊಡಗಿದರು. ಬಾಯಿ ಮಾತ್ರ ಹಾಗೇ ಇತ್ತು. "ಇಷ್ಟು ಹಠ ಇದ್ದವಳು ಎಲೆಕ್ಷನ್ನಿಗಾದ್ರೂ ನಿಲ್ಲಬಾರದಾ?" ಎನ್ನುತ್ತಿದ್ದರು.

ಆದರೆ ಹಾಲಮ್ಮನಿಗೆ ಜ್ವರ ಬಂತು. ಮೂರು ನಾಲ್ಕು ದಿನ ಹಾಸಿಗೆ ಹಿಡಿದಳು. ನಾನೇ ಕುರ್ಪಿ ಹಿಡಿದು ಹೋದೆ, ಆದರೆ ಒಂದನ್ನು ಹುಡುಕುವಷ್ಟರಲ್ಲಿ ಇನ್ನೊಂದು ಕೈತಪ್ಪುತ್ತಿತ್ತು. ಅವಳು ಎದ್ದು ಕೂರುವ ಹೊತ್ತಿಗೆ ಗೆಡ್ಡೆಗಳು ಹಾಲಿನ ಡೈರಿ ದಾಟಿದ್ದವು, ಶಾಲೆಯ ಕಾಂಪೌಂಡು ದಾಟಿದ್ದವು. ಡೈರಿಯವರು ಹೂವು ಕಂಡೆವೆಂದರು, ಶಾಲೆಯ ಆಯಾ ಮುಡಿದುಕೊಂಡೆನೆಂದಳು. ಸಂಜೆ ಹೊತ್ತಿಗೆ ಶಾಂತವೀರಪ್ಪನವರ ಮೇಸ್ತ್ರಿ ಬಂದ. "ನಿಮ್ಮ ಗೆಡ್ಡೆ ಬಂದು ಹಳೇ ಮನೆ ಕಾಂಪೌಂಡಿನ ಆಚೆ ಮಗ್ಗುಲಲ್ಲಿ ನಿಂತಿದಾವೆ. ಇನ್ನೂ ಒಳಗೆ ಬಂದಿಲ್ಲ. ನಾಳೆ ಮಧ್ಯಾಹ್ನ ಕಲಸೋ ಮಿಲ್ಲರ್ ಶುರು ಮಾಡ್ತೀವಿ, ಕಾಂಕ್ರೀಟು ಹಾಕಲೇಬೇಕು. ಅಷ್ಟರೊಳಗೆ ತೆಗೆದುಕೊಂಡು ಹೋಗಬೇಕಂತೆ. ಸಾಹುಕಾರ್ರು ಕೈ ಮುಗಿದು ಹೇಳಿ ಅಂದ್ರು," ಎಂದ.

ಅವನು ಹೋದ ಮೇಲೆ ನಾನು ಮೆಲ್ಲಗೆ ಹೇಳಿದೆ. "ನಾಳೆ ತರೋಣ. ಆದ್ರೆ ತಂದು ಏನು ಮಾಡ್ತೀಯ? ಮತ್ತೆ ಹೋಗ್ತವೆ. ಜೀವನವೆಲ್ಲ ಕುರ್ಪಿ ಹಿಡಿದು ಬೀದಿ ಅಲೀತೀಯಾ?"

ಹಾಲಮ್ಮ ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟಳು. ಆಮೇಲೆ ಇದ್ದಕ್ಕಿದ್ದಂತೆ ಕೇಳಿದಳು. "ನಮ್ಮವ್ವ ತೀರಿಕೊಂಡಾಗ ಈ ಗೆಡ್ಡೆ ಎಲ್ಲಿದ್ವು ಹೇಳ್ರಿ?"

"ನಿನ್ನ ತವರಲ್ಲಿ. ಆಗತಾನೆ ಹೋಗಿ ಸೇರಿದ್ವು."

"ಅವ್ವನ್ನ ಅಂಗಳದಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ರು. ಇವು ಪಕ್ಕದಲ್ಲೇ ಹೂ ಬಿಟ್ಕೊಂಡು ನಿಂತಿದ್ವು. ಬಂದೋರು ಅತ್ತಿದ್ದು, ಎತ್ತಿಕೊಂಡು ಹೋಗಿದ್ದು, ಎಲ್ಲ ನೋಡಿದ್ವು. ಕಾರ್ಯ ಮುಗಿಸಿ ನಾನು ಕೋಟೆ ಕೇರಿಗೆ ತಂದೆ. ಆಮೇಲೆ ಒಂದು ಸಲನಾದ್ರೂ ಹೋದ್ವಾ? ಹೋಗ್ಲಿಲ್ಲ. ಯಾಕೆ ಅಂತ ಯಾರಾದ್ರೂ ಕೇಳಿದ್ರಾ? ಅತ್ತೆ ಸಕ್ಕರೆ ಹಂಚಿದ್ರು." ಅವಳ ದನಿ ಗಟ್ಟಿಯಾಯಿತು. "ಈ ಸಲ ನಾವೇನು ಮಾಡಿದ್ವಿ? ಗೋಣಿಚೀಲದಲ್ಲಿ ಕಟ್ಟಿ, ಕಣ್ಣಿಗೆ ಬಟ್ಟೆ ಸುತ್ತಿ, ಕಳ್ಳರ ಹಂಗೆ ಹೊತ್ಕೊಂಡು ಬಂದ್ವಿ. ಮನೆ ಬಿದ್ದಿದೆ ಅಂತ ಅವಕ್ಕೆ ಯಾರು ಹೇಳಿದಾರೆ? ಸತ್ತೋರ ಮುಖ ತೋರಿಸದೆ ನೆಂಟರಿಗೆ ಸುಮ್ನಿರ್ರಿ ಅಂದ್ರೆ ಇರ್ತಾರಾ? ನಾಳೆ ಮುಖ ತೋರಿಸೋಣ. ಆಮೇಲೆ ಅವು ಇರ್ತವೋ ಹೋಗ್ತವೋ ನೋಡೇ ಬಿಡ್ತೀನಿ."

ಊರಲ್ಲಿ ಹಿಂದೆ ಯಾರೂ ಹಾಗೆ ಮಾಡಿದ್ದಿಲ್ಲ. ಚೀಲದ ಬಾಯಿ ಬಿಚ್ಚಿದರೆ ಇರುವ ಗೆಡ್ಡೆಯೂ ಕೈತಪ್ಪುತ್ತದೆ ಅಂತಲೇ ಎಲ್ಲರೂ ಅಂದುಕೊಂಡವರು. ನಾನು ಅದನ್ನು ಹೇಳಲಿಲ್ಲ. "ಸರಿ, ಹೋಗಿ ಬಾ. ನನಗೆ ಗಿರಣೀಲಿ ರಾಗಿ ರಾಶಿ ಬಿದ್ದಿದೆ," ಎಂದೆ.

"ರಾಗಿ ಎಲ್ಲೂ ಹೋಗಲ್ಲ. ನೀವೂ ಬರ್ಬೇಕು," ಎಂದಳು ಹಾಲಮ್ಮ. "ನೀವೂ ನೋಡಿಲ್ಲ."

ಬೆಳಿಗ್ಗೆ ಮೊರ ಹಿಡಿದು ಅವಳ ಹಿಂದೆ ನಡೆದೆ. ಕೋಟೆ ಕೇರಿಯ ತಿರುವಿನಲ್ಲಿ ಕಾಲು ಹಿಂದಕ್ಕೆ ಎಳೆಯಿತು, ನಿಜ ಹೇಳುತ್ತೇನೆ. ಮುಂಭಾಗದ ಕಾಂಪೌಂಡು ಗೋಡೆ ಒಂದೇ ಉಳಿದಿತ್ತು. ಅದರ ಹೊರಗೆ, ಮಣ್ಣಿನ ಅಂಚಿನಲ್ಲಿ, ಬೆಳ್ಳಗೆ ಅರಳಿಕೊಂಡು ನಮ್ಮ ಸುಗಂಧರಾಜ ಸಾಲಾಗಿ ನಿಂತಿದ್ದವು. ಹಾಲಮ್ಮ ಅವನ್ನು ಒಂದೊಂದಾಗಿ ಎತ್ತಿ ಮೊರದಲ್ಲಿ ನೆಟ್ಟಗೆ ನಿಲ್ಲಿಸಿದಳು. ಬಟ್ಟೆಯಿಲ್ಲ, ಚೀಲವಿಲ್ಲ. ಮೊರವನ್ನು ನನ್ನ ಕೈಗೆ ಕೊಟ್ಟು, ತಾನು ಮುಂದಾಗಿ ಗೇಟು ದಾಟಿದಳು.

ಒಳಗೆ ಏನೂ ಇರಲಿಲ್ಲ. ಜಲ್ಲಿ ಹರಡಿದ ಒಂದೇ ಬಯಲು, ಅದರ ಮೇಲೆ ಕಬ್ಬಿಣದ ಜಾಲರಿ. ಆಳುಗಳು ಕಲಸುವ ಯಂತ್ರ ತೊಳೆಯುತ್ತಿದ್ದರು. ಶಾಂತವೀರಪ್ಪ ಕೊಡೆ ಮಡಚಿ ಒಂದು ಬದಿಗೆ ಸರಿದು ನಿಂತರು. ಹಾಲಮ್ಮ ಮದುವೆಗೆ ಬಂದ ನೆಂಟರಿಗೆ ಹೇಳುವ ಹಾಗೆ ಗೆಡ್ಡೆಗಳಿಗೆ ಹೇಳತೊಡಗಿದಳು. "ನೋಡ್ರವ್ವಾ, ಇಲ್ಲಿ ತಲೆಬಾಗಿಲು ಇತ್ತು. ಈಗಿಲ್ಲ. ಇಲ್ಲಿ ನಡುಮನೆ ಇತ್ತು. ಇಲ್ಲ. ಇಲ್ಲಿ ಅಡಿಗೆಮನೆ..."

"ಅಲ್ಲ ಕಣೇ," ಎಂದೆ ನಾನು. ಬಾಯಿ ತಡೆಯಲಿಲ್ಲ. "ಅಡಿಗೆಮನೆ ಇನ್ನೂ ಆ ಕಡೆ. ನೀನು ನಿಂತಿರೋದು ಕಣಜದ ಕೋಣೇಲಿ."

"ಹಂಗಾದ್ರೆ ನೀವೇ ತೋರಿಸ್ರಿ. ನನಗೆ ಗುರುತು ಸಿಗ್ತಿಲ್ಲ," ಎಂದಳು.

ನಾನು ತೋರಿಸಿದೆ. ಒಲೆ ಇದ್ದ ಮೂಲೆ, ಬೀಸುಕಲ್ಲು, ಅಪ್ಪ ಬೆತ್ತದ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದ ಪಡಸಾಲೆ. ತಮ್ಮ ಬಿದ್ದು ಹಲ್ಲು ಮುರಿದುಕೊಂಡ ಮೆಟ್ಟಿಲು. ಒಂದೊಂದು ಕಡೆಯೂ ನಿಂತು, ಮೊರ ತಗ್ಗಿಸಿ, "ಇತ್ತು, ಈಗಿಲ್ಲ" ಅಂತ ಹೇಳಬೇಕು. ಮೊದಲು ಆಳುಗಳು ನಗುತ್ತಾರೇನೋ ಅಂತ ನಾಚಿಕೆಯಾಯಿತು. ಆಮೇಲೆ ಅವರು ಇದ್ದಾರೆನ್ನುವುದೇ ಮರೆತುಹೋಯಿತು. ಹಿಂಬದಿಯ ಬಾಣಂತಿ ಕೋಣೆಯ ಜಾಗಕ್ಕೆ ಬಂದಾಗ, "ಇಲ್ಲಿ ನಾನು ಹುಟ್ಟಿದ್ದು" ಎಂದೆ. ಜಲ್ಲಿಯ ಮೇಲೆ ಕೂತು, ಮೊರ ತೊಡೆಯ ಮೇಲಿಟ್ಟುಕೊಂಡು, ಅಮ್ಮ ಸತ್ತಾಗ ಅತ್ತದ್ದಕ್ಕಿಂತ ಜೋರಾಗಿ ಅತ್ತುಬಿಟ್ಟೆ. ಇಷ್ಟು ದಿನ ಸುತ್ತು ದಾರಿ ಹಿಡಿದು ತಪ್ಪಿಸಿಕೊಂಡದ್ದು ಇದನ್ನೇ.

ಹಾಲಮ್ಮ ಸಮಾಧಾನ ಹೇಳಲು ಬರಲಿಲ್ಲ. ಮೊರ ತನ್ನ ಕೈಗೆ ತೆಗೆದುಕೊಂಡು, "ಅತ್ತುಬಿಡ್ರಿ, ಯಾರೂ ಏನೂ ಅನ್ನಲ್ಲ," ಎಂದು ಪಕ್ಕದಲ್ಲಿ ನಿಂತಳು. ಮೇಸ್ತ್ರಿ ತಲೆಗೆ ಕಟ್ಟಿದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಅವಳು ಗೆಡ್ಡೆಗಳ ಕಡೆ ಬಗ್ಗಿ, "ನೋಡಿದ್ರಲ್ಲ? ಇನ್ನು ಇಲ್ಲಿ ಯಾರೂ ಇಲ್ಲ. ಏಳ್ರಿ, ಮನೆಗೆ ಹೋಗೋಣ," ಎಂದಳು. ಅವಕ್ಕೆ ಹೇಳಿದಳೋ ನನಗೆ ಹೇಳಿದಳೋ ಗೊತ್ತಿಲ್ಲ. ನಾನು ಎದ್ದೆ.

ವಾಪಸು ಬರುವಾಗ ಆಟೋ ಬೇಡ ಎಂದಳು. ಹತ್ತಿರದ ದಾರಿಯಲ್ಲೇ, ಮೊರ ಎಲ್ಲರಿಗೂ ಕಾಣುವ ಹಾಗೆ ಹಿಡಿದು ನಡೆದಳು. ಬಸ್‌ಸ್ಟ್ಯಾಂಡಿನಲ್ಲಿ ಬುಡೇನ್ ಸಾಬಿ ಹಣೆ ಚಚ್ಚಿಕೊಂಡು, "ಅಕ್ಕಾ, ಮುಚ್ಚಿಕೊಳ್ರಿ, ದಾರಿ ನೋಡ್ತಾವೆ!" ಎಂದು ಕೂಗಿದ. "ನೋಡ್ಲಿ ಬಿಡಪ್ಪಾ, ನೋಡ್ಲಿ ಅಂತಾನೇ," ಎಂದಳು ಇವಳು.

ಗೋಡೆಯ ಬುಡದಲ್ಲಿ ನೆಟ್ಟು, ಒಂದೊಂದರ ಪಕ್ಕಕ್ಕೆ ಒಂದು ಪೊರಕೆ ಕಡ್ಡಿ ಚುಚ್ಚಿದಳು. ಬೆಳಗಾದರೆ ಇಬ್ಬರೂ ಕಡ್ಡಿ ನೋಡಲು ಓಡುತ್ತಿದ್ದೆವು. ಜರುಗಲಿಲ್ಲ. ಜೋರು ಮಳೆ ಬಂತು, ಆಗಲೂ ಜರುಗಲಿಲ್ಲ. ಗೆದ್ದೆವು ಎಂದೆ ನಾನು. ಅವಳು ನಂಬಲಿಲ್ಲ. "ಸುಸ್ತಾಗಿ ಕೂತಿರಬಹುದು. ಸುಸ್ತಿಗೆ ಕೂತಿದಾವೋ ಮನಸ್ಸಾರೆ ನಿಂತಿದಾವೋ ಗೊತ್ತಾಗಬೇಕು," ಎಂದು ಒಂದು ದಿನ ಎಲ್ಲಕ್ಕಿಂತ ದೊಡ್ಡ ಗೆಡ್ಡೆಯನ್ನು, ಅದರ ಹೂವಿನ ಸಮೇತ, ಕಿತ್ತಳು. ತೆಗೆದುಕೊಂಡು ಹೋಗಿ ರುದ್ರಾಣಮ್ಮನ ಹಿತ್ತಿಲಲ್ಲಿ ನೆಟ್ಟು ಬಂದಳು. ಅವರು ಬೇಡವೆಂದರೂ ಕೇಳಲಿಲ್ಲ. ಅಲ್ಲಿಂದ ಕೋಟೆ ಕೇರಿಗೆ ಇನ್ನೂ ಹತ್ತಿರ. ಹೋಗುವ ಮನಸ್ಸು ಎಳ್ಳಷ್ಟು ಉಳಿದಿದ್ದರೂ ಅದು ಆ ಕಡೆಗೇ ಹೋಗುತ್ತದೆ, ಹೋದರೆ ಈಗ ಅಲ್ಲಿ ಗಟ್ಟಿಯಾದ ಕಾಂಕ್ರೀಟು. ಕಳೆದುಕೊಂಡರೆ ಅದನ್ನೇ ಮೊದಲು ಕಳೆದುಕೊಳ್ಳುವುದು ಅಂತ ನಿರ್ಧರಿಸಿಯೇ ಕೊಟ್ಟಿದ್ದಳು. ನೆಟ್ಟು ಬಂದ ಮೇಲೆ ಅವಳು ಆ ಕಡೆ ತಲೆ ಹಾಕಲಿಲ್ಲ, ನನ್ನನ್ನೂ ಇಣುಕಲು ಬಿಡಲಿಲ್ಲ. ರಾತ್ರಿ ಊಟಕ್ಕೆ ಕೂತರೆ ಅರ್ಧ ರೊಟ್ಟಿಗೇ ಏಳುತ್ತಿದ್ದಳು.

ಒಂದು ಬೆಳಿಗ್ಗೆ ರುದ್ರಾಣಮ್ಮ ಗೇಟು ಬಡಿದರು. "ಏ ಹಾಲಮ್ಮಾ! ಹೊರಗೆ ಬಾ! ಹಿತ್ತಿಲಲ್ಲಿ ನೆಟ್ಟ ನಿನ್ನ ಗೆಡ್ಡೆ ನನ್ನ ಬಚ್ಚಲ ಕಲ್ಲು ಎತ್ಕೊಂಡು ಈಚೆ ಬಂದಿದೆ!"

ಹಾಲಮ್ಮ ಹೊಸಿಲ ಮೇಲೆ ಬಂದು ನಿಂತಳು. "ಯಾವ ಕಡೆ ಅಕ್ಕಾ?"

"ಯಾವ ಕಡೆ ಅಂದ್ರೆ? ಈ ಕಡೆ! ನಿಮ್ಮ ಗೋಡೆ ಕಡೆ! ಹಿತ್ತಿಲಿಂದ ಬಚ್ಚಲು ದಾಟಿದೆ, ಇನ್ನು ನನ್ನ ತುಳಸಿ ಕಟ್ಟೆ ಒಂದು ಅಡ್ಡ ಇರೋದು. ಹೂವಂತೂ ನಿಮ್ಮ ಬಾಗಿಲಿಗೇ ಮುಖ ಮಾಡಿದೆ."

ಮನೆ ಬಿಡುವಾಗ ಅಳದವಳು, ಕೆಡವಿದ ಜಾಗದಲ್ಲಿ ನಾನು ಬಿಕ್ಕುವಾಗಲೂ ಕಣ್ಣು ಒದ್ದೆ ಮಾಡಿಕೊಳ್ಳದವಳು, ಹೊಸಿಲ ಮೇಲೆ ಕುಸಿದು ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ರುದ್ರಾಣಮ್ಮ ಗಾಬರಿಯಾಗಿ, "ಕಲ್ಲಿನ ಮಾತು ಬಿಡೇ, ಹೋದ್ರೆ ಹೋಗ್ಲಿ, ಅದಕ್ಯಾಕೆ ಅಳ್ತೀಯ?" ಎಂದು ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದರು. ನಾನು ಗೋಡೆಗೆ ಒರಗಿಸಿಟ್ಟಿದ್ದ ಕುರ್ಪಿ ಎತ್ತಿಕೊಂಡು, ಹೋಗಿ ತಂದುಬಿಡುತ್ತೇನೆ ಎಂದು ಚಪ್ಪಲಿ ಮೆಟ್ಟಿದೆ.

ಹಾಲಮ್ಮ ಕಣ್ಣೊರೆಸಿಕೊಂಡು ಕುರ್ಪಿಯನ್ನು ನನ್ನ ಕೈಯಿಂದ ಇಸಿದುಕೊಂಡಳು.

"ಬೇಡ ಬಿಡ್ರಿ," ಎಂದಳು. "ತಾನಾಗೇ ಬರ್ತದೆ."